ಕಬ್ಬಿಣದ ಮಾಡು, ಅದೇ ಮಂಗಳೂರು ಹೆಂಚು: ನಾಲ್ಕು ಮಳೆಗಾಲದ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳೇ ಮನೆ. ಹನ್ನೆರಡು ಚದರ. ಹೆಂಚಿನ ಭಾರ ಹೊರುವ ಮರದ ಪಕಾಸಿಗೆ ಕುಟ್ಟೆ ಹುಳ ಹಿಡಿದು, ಬೆಳಿಗ್ಗೆ ಎದ್ದರೆ ಹೊದಿಕೆ ಮೇಲೆಲ್ಲ ಮರದ ಹಿಟ್ಟು. 2022ರ ಬೇಸಿಗೆಯಲ್ಲಿ ಮಾಡು (ಚಾವಣಿ), ಕಿಟಕಿ ಎರಡನ್ನೂ ಬದಲಿಸಿದೆವು. ಮರುವರ್ಷ ಮಳೆಯೇ ಕೈಕೊಟ್ಟಿತು, ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. 2024ರ ಜುಲೈ ಮಾತ್ರ ಎಲ್ಲವನ್ನೂ ಬಯಲಿಗೆ ತಂದಿತು.

ಊರವರೆಲ್ಲ ಶೀಟ್ ಹಾಕಿಸು ಅಂದರು. ಪಕ್ಕದ ಮನೆಯಲ್ಲಿ ಶೀಟೇ ಇದೆ. ಪುಷ್ಯ ಮಳೆ ಹಿಡಿಯಿತೆಂದರೆ ಅವರು ಊಟಕ್ಕೆ ಕರೆಯುವುದೂ ಜಗಳ ಆಡಿದ ಹಾಗೆ ಕೇಳಿಸುತ್ತದೆ. ನನಗೆ ಬೇಡ ಅನ್ನಿಸಿತು. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಪಕಾಸಿ, ಅದರ ಮೇಲೆ ಹೆಂಚು ಕೂರುವ ಅಡ್ಡಪಟ್ಟಿ (ರೀಪು) ಮಾಡಿಸಿ ಮೇಲೆ ಹೆಂಚನ್ನೇ ಹೊದೆಸಿದೆ. ಆ ತೀರ್ಮಾನದ ಬಗ್ಗೆ ಇವತ್ತಿಗೂ ಬೇಜಾರಿಲ್ಲ. ಏಪ್ರಿಲ್ ಮಧ್ಯಾಹ್ನ ಒಳಗೆ ತಂಪು, ಮಳೆ ಸದ್ದೂ ಹಿತ.

ಎಡವಿದ್ದು ಬೇರೆ ಕಡೆ. ಮುಂದಿನ ಮಾಡಿಗೆ ಹೊಸ ಹೆಂಚು, ಹಿಂದಕ್ಕೆ ಹಳೇದು ಅಂತ ನನ್ನ ಲೆಕ್ಕ. ವೆಲ್ಡಿಂಗ್ ಹುಡುಗ ಹೊಸ ಹೆಂಚಿನ ಅಳತೆಗೆ ಎರಡೂ ಕಡೆ ರೀಪು ಕೂರಿಸಿಬಿಟ್ಟ. ಹಳೇ ಹೆಂಚು ಹತ್ತಿಸಿದರೆ ಒಂದೂ ಕೂರಲಿಲ್ಲ! ಒಂದೊಂದು ಕಾರ್ಖಾನೆಯ ಹೆಂಚಿಗೆ ಉದ್ದವೂ ಬೇರೆ, ರೀಪಿಗೆ ಸಿಕ್ಕಿಕೊಳ್ಳುವ ಕಚ್ಚೂ ಬೇರೆ. ಮರವಾಗಿದ್ದರೆ ಮೊಳೆ ಕಿತ್ತು ಸರಿಸಬಹುದಿತ್ತು. ಕಬ್ಬಿಣವನ್ನು ಕೊಯ್ದು ಮತ್ತೆ ಬೆಸೆಯಬೇಕಾಯ್ತು. ಮೂರು ದಿನದ ಕೂಲಿ ಹೋಯ್ತು. ಅವನನ್ನು ಬೈದು ಏನು ಪ್ರಯೋಜನ, ಹೇಳದೇ ಇದ್ದದ್ದು ನಾನೇ ಅಲ್ವಾ? ಮೊದಲು ಹೆಂಚು ತಂದು ಅಂಗಳದಲ್ಲಿ ಜೋಡಿಸಿ ನೋಡಿ, ಆಮೇಲೆ ರೀಪು.

ಜಿಐ ಅಂದರೆ ತುಕ್ಕೇ ಹಿಡಿಯಲ್ಲ ಅಂತ ನಂಬಬೇಡಿ. ಬೆಸುಗೆ ಹಾಕಿದ ಜಾಗದಲ್ಲಿ ಸತುವಿನ ಲೇಪ ಸುಟ್ಟು ಹೋಗಿರುತ್ತದೆ. ನಮ್ಮಲ್ಲಿ ಪೈಪು ಇವತ್ತಿಗೂ ಹೊಳೆಯುತ್ತಿದೆ, ಬೆಸುಗೆಗಳ ಸುತ್ತ ಮಾತ್ರ ಕಂದು ಉಂಗುರ. ಹೆಂಚು ಹೊದೆಸುವ ಮುಂಚೆ ಅಲ್ಲೆಲ್ಲ ಬಣ್ಣ ಬಳಿಸಬೇಕಿತ್ತು. ಈಗ ಏಣಿ ಹಾಕಿಕೊಂಡು, ಕತ್ತು ಎತ್ತಿ, ಒಂದೊಂದನ್ನೇ ಉಜ್ಜುತ್ತಿದ್ದೇನೆ.

ಕಿಟಕಿಗೆ ಬರೋಣ. ಹಳೇದು ಹಲಸಿನ ಮರದ್ದು, ಆರಿದ್ರಾ ಮಳೆ ಬಿದ್ದರೆ ಉಬ್ಬಿಕೊಂಡು ಗುದ್ದಿದರೂ ಮುಚ್ಚುತ್ತಿರಲಿಲ್ಲ. ಅವು ಕೊಟ್ಟಿಗೆಗೆ ಹೋದವು. ಬದಲಿಗೆ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನವು, ಎಲ್ಲವೂ ಪಕ್ಕಕ್ಕೆ ಸರಿಸುವ ಸ್ಲೈಡಿಂಗ್. ಮೊದಲ ಮಳೆಗಾಲದಲ್ಲೇ ಪಶ್ಚಿಮದ ಕೋಣೆಯ ಗೋಡೆ ಒದ್ದೆ. ಗಾಜಿನ ಅಂಚಲ್ಲಿ ಒಂದು ಹನಿಯೂ ಇಲ್ಲ. ಬ್ಯಾಟರಿ ಹಿಡಿದು ಬಗ್ಗಿ ನೋಡಿದರೆ ಕೆಳಗಿನ ಟ್ರ್ಯಾಕ್ ಪೂರ್ತಿ ನೀರು, ದೋಣಿ ತುಂಬಿದ ಹಾಗೆ. ಅಲ್ಲಿಗೆ ನೀರು ಬರುವುದು ತಪ್ಪಲ್ಲ. ಹೊರಗೆ ಹೋಗಲಿ ಅಂತಲೇ ಹೊರಮೈಯಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಗಾರೆಯವರು ಅದಕ್ಕೇ ಸಿಮೆಂಟ್ ಮೆತ್ತಿದ್ದರು. ಮುರಿದ ಕೊಡೆಯ ಕಡ್ಡಿಯಿಂದ ಚುಚ್ಚಿದೆ. ಗಳಗಳ ಅಂತ ಹೊರಗೆ ಸುರಿಯಿತು.

ಆಮೇಲೆ ಸರಿಹೋಯ್ತು, ಆದರೆ ಪೂರ್ತಿ ಅಲ್ಲ. ಗಾಳಿ ಜೋರಾಗಿ ಎರಚಲು ಹೊಡೆದರೆ ಎರಡು ಪಟ್ಟಿ ಸೇರುವ ನಡುವಿನಿಂದ ತುಂತುರು ಒಳಗೆ ಬರುತ್ತಿತ್ತು. 2025ರ ಬೇಸಿಗೆಯಲ್ಲಿ ಪಶ್ಚಿಮದ ಎರಡನ್ನು ಮಾತ್ರ ತೆಗೆಸಿ, ಬಾಗಿಲಿನ ಹಾಗೆ ಹೊರಗೆ ತೆರೆಯುವಂಥದ್ದು ಹಾಕಿಸಿದೆ. ಸುತ್ತಲೂ ರಬ್ಬರ್ ಪಟ್ಟಿ ಒತ್ತಿಕೊಂಡು ಕೂರುತ್ತದೆ. ಕಳೆದ ಮಳೆಗಾಲದಲ್ಲಿ ಕಿಟಕಿ ಕೆಳಗೆ ಬಟ್ಟೆ ಹಾಸುವ ಕೆಲಸ ತಪ್ಪಿತು. ಮೂಡಣ ಕಡೆಯ ಸ್ಲೈಡಿಂಗ್ ಹಾಗೇ ಇದೆ, ಏನೂ ತೊಂದರೆ ಕೊಟ್ಟಿಲ್ಲ. ಅಮ್ಮನ ತಕರಾರು ಬೇರೆ: "ಮೊದಲಿನ ಕಿಟಕಿ ದಂಡೆ ಅಗಲ ಇತ್ತು ಕಣೋ, ಉಪ್ಪಿನಕಾಯಿ ಜಾಡಿ ಇಡೋಕಾಗ್ತಿತ್ತು."

ಹೆಂಚು ತರಿಸುವಾಗ ಐವತ್ತು ಜಾಸ್ತಿ ಹೇಳಿ, ಅದೇ ಕಾರ್ಖಾನೆಯದು. ನಮ್ಮ ಮಂಗಗಳು ಇಷ್ಟರಲ್ಲಿ ಮೂವತ್ತೆರಡು ಮುಗಿಸಿವೆ.