ಧೂಳಿಗೆ ಯಾವ ಮದ್ದು? ನೀರು, ಉಪ್ಪು, ಜೇಡಿ ಎಲ್ಲವನ್ನೂ ಒಂದೇ ಟ್ರ್ಯಾಕ್‌ಗೆ ಹಾಕಿ ನೋಡಿದಾಗ

ಕಾರು, ಬೈಕ್ ರೇಸ್‌ಗೆ ಮಣ್ಣಿನ ಟ್ರ್ಯಾಕ್ ಸಿದ್ಧ ಮಾಡುವವರ ನಡುವೆ ಧೂಳಿನ ಮಾತು ಬಂದರೆ ವಾದ ಮುಗಿಯುವುದೇ ಇಲ್ಲ. ಒಬ್ಬರು ನೀರು ಸಾಕು ಅನ್ನುತ್ತಾರೆ. ಇನ್ನೊಬ್ಬರು ತೇವ ಹೀರುವ ಉಪ್ಪಾದ ಕ್ಯಾಲ್ಸಿಯಂ ಕ್ಲೋರೈಡ್ ಇಲ್ಲದೆ ಆಗುವುದಿಲ್ಲ ಅನ್ನುತ್ತಾರೆ. ಮತ್ತೊಬ್ಬರು ಮಣ್ಣನ್ನೇ ಬದಲಾಯಿಸಿ ಅನ್ನುತ್ತಾರೆ. ಇವೆಲ್ಲವನ್ನೂ ಒಂದೇ ಟ್ರ್ಯಾಕ್‌ನಲ್ಲಿ ಬೇರೆ ಬೇರೆ ಸೀಸನ್‌ಗಳಲ್ಲಿ ಮಾಡಿ ನೋಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಮೇಲೆ ಏನು ಹಾಕಿದಿರಿ ಅನ್ನುವುದಕ್ಕಿಂತ ಅರ್ಧ ಅಡಿ ಕೆಳಗೆ ಎಷ್ಟು ತೇವ ಇದೆ ಅನ್ನುವುದೇ ಮುಖ್ಯ. ಉಳಿದ ಮದ್ದುಗಳೆಲ್ಲ ಅದಾದ ಮೇಲೆ.

ಯಾವ ಮದ್ದಿಗೂ ಮೊದಲು ಮಣ್ಣು ಯಾವುದು ಅಂತ ತಿಳಿದುಕೊಳ್ಳಬೇಕು. ಧೂಳಾಗಿ ಏಳುವುದರಲ್ಲಿ ದೊಡ್ಡ ಪಾಲು ಹೂಳಿನಂಥ ನುಣ್ಣನೆ ಪುಡಿ. ಮರಳಿಗಿಂತ ಸಣ್ಣದು, ಜೇಡಿಗಿಂತ ದಪ್ಪ. ಮರಳು ಭಾರ, ಹಾರಿದರೂ ಬೇಗ ಬೀಳುತ್ತದೆ. ಜೇಡಿಯ ಕಣ 2 ಮೈಕ್ರಾನ್‌ಗಿಂತ ಸಣ್ಣದಾದರೂ ತೇವ ಇದ್ದಷ್ಟು ಹೊತ್ತು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ನಡುವಿನ ಈ ಪುಡಿಗೆ ಭಾರವೂ ಇಲ್ಲ, ಅಂಟೂ ಇಲ್ಲ. ಒಂದು ಗಾಜಿನ ಜಾಡಿಯಲ್ಲಿ ಅರ್ಧ ಮಣ್ಣು, ಅರ್ಧ ನೀರು ಹಾಕಿ ಜೋರಾಗಿ ಕುಲುಕಿ ಇಟ್ಟುಬಿಡಿ. ಮರಳು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ, ನುಣ್ಣನೆ ಪುಡಿ ಕೆಲವು ಗಂಟೆಗಳಲ್ಲಿ, ಜೇಡಿ ಮಾರನೆಯ ದಿನಕ್ಕೂ ನೀರನ್ನು ಕಲಕಾಗಿಯೇ ಇಟ್ಟಿರುತ್ತದೆ. ನಡುವಿನ ಪದರ ದಪ್ಪ ಇದ್ದರೆ ಧೂಳು ಗ್ಯಾರಂಟಿ. ಇನ್ನೂ ಸುಲಭದ ಪರೀಕ್ಷೆ ಬೇಕಾದರೆ ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿ ತೆಗೆಯಿರಿ. 5 ಸೆಂ.ಮೀ. ದಾಟಿಯೂ ತುಂಡಾಗದಿದ್ದರೆ ಜೇಡಿ ಚೆನ್ನಾಗಿದೆ.

ಈಗ ಎಲ್ಲರೂ ಮಾಡುವ ಮೊದಲ ದಾರಿ, ರೇಸ್ ದಿನ ಟ್ಯಾಂಕರ್ ಓಡಿಸುವುದು. ಒಂದು ಲೆಕ್ಕ ನೋಡಿ. 400 ಮೀಟರ್ ಸುತ್ತಳತೆ, 12 ಮೀಟರ್ ಅಗಲದ ಟ್ರ್ಯಾಕ್ ಅಂದರೆ 4,800 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಲೀಟರ್ ಸುರಿದರೆ ನಿಲ್ಲುವುದು 1 ಮಿ.ಮೀ. ನೀರು. ಅಂದರೆ 5,000 ಲೀಟರ್‌ನ ಇಡೀ ಟ್ಯಾಂಕರ್ ಖಾಲಿ ಮಾಡಿದರೂ ಟ್ರ್ಯಾಕ್‌ಗೆ ಸಿಗುವುದು ಸುಮಾರು 1 ಮಿ.ಮೀ. ಮಾತ್ರ! ಬಿಸಿಲು, ಗಾಳಿ ಎರಡೂ ಇದ್ದರೆ ಅದು ಹೀಟ್ ರೇಸ್‌ಗಳು (ಮೇನ್ ರೇಸ್‌ಗೆ ಮೊದಲಿನ ಚಿಕ್ಕ ರೇಸ್‌ಗಳು) ಮುಗಿಯುವುದರೊಳಗೆ ಆವಿ. ಜಾಸ್ತಿ ಸುರಿದರೆ ಬೇರೆ ಕಷ್ಟ: ಗಟ್ಟಿ ನೆಲದ ಮೇಲೆ ನೀರು ಇಳಿಯುವುದಿಲ್ಲ, ಇಳಿಜಾರಿನ ತಿರುವಿನಿಂದ ಜಾರಿ ಒಳಗಿನ ಅಂಚಿನಲ್ಲಿ ನಿಲ್ಲುತ್ತದೆ. ಮೇಲೆ ಧೂಳು, ಕೆಳಗೆ ಕೆಸರು. ಮೊದಲ ಸುತ್ತುಗಳಲ್ಲಿ ಹೆಲ್ಮೆಟ್‌ನ ಗಾಜಿನ ಮೇಲೆ ಅಂಟಿಸಿದ, ಕೆಸರು ಮೆತ್ತಿದ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತು ಕಿತ್ತು ಸವಾರರಿಗೆ ಸಾಕಾಗುತ್ತದೆ. ಆಮೇಲೆ ನೋಡಿದರೆ ಅದೇ ತಿರುವಿನಲ್ಲಿ ಮುಂದಿನ ಗಾಡಿಯೇ ಕಾಣುವುದಿಲ್ಲ. ಬರೀ ಈ ದಾರಿ ನಂಬಿದರೆ ಆಗುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ನಾನು ಕೈಬಿಡದೆ ಮಾಡುವುದು ಎರಡನೆಯದು. ರೇಸ್‌ಗೆ ಹಲವು ದಿನ ಮೊದಲೇ ರಿಪ್ಪರ್ (ಗಟ್ಟಿ ನೆಲ ಸೀಳುವ ಕಬ್ಬಿಣದ ಹಲ್ಲು) ಹಾಕಿ ಅರ್ಧ ಅಡಿ ಆಳಕ್ಕೆ ಸೀಳಬೇಕು. ತಟ್ಟೆಯಂಥ ಅಲಗುಗಳಿರುವ ಡಿಸ್ಕ್ ಹ್ಯಾರೋ ಹಾಯಿಸಿ ಹೆಂಟೆ ಒಡೆಯಬೇಕು. ಆಮೇಲೆ ನೀರು. ಒಂದೇ ಸಲ ಸುರಿಯಬಾರದು. ಹರಿಯದ ಹಾಗೆ ಸ್ವಲ್ಪ ಸ್ವಲ್ಪವಾಗಿ, ಸಂಜೆ ಹೊತ್ತು ಕೊಡಬೇಕು. ರಾತ್ರಿಯೆಲ್ಲ ಅದು ಕೆಳಗೆ ಇಳಿಯುತ್ತದೆ. ಮಾರನೆಯ ದಿನ ಮತ್ತೆ ಹ್ಯಾರೋ, ಮತ್ತೆ ನೀರು. ಹದ ಬಂತಾ ಅಂತ ನೋಡಲು ನನಗೆ ಮೀಟರ್ ಬೇಕಾಗಿಲ್ಲ. ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಡಿಯುತ್ತೇನೆ. ಉಂಡೆ ಆಗಬೇಕು, ಅಂಗೈಗೆ ಮೆತ್ತಿಕೊಳ್ಳಬಾರದು. ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ತುಂಡಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಇನ್ನೊಂದು ದಿನ ಕಾಯಬೇಕು. ತುಂಡಾದ ಉಂಡೆಯ ಒಳಗಿನ ಬಣ್ಣ ನೋಡಿ: ಅಂಚಿನಿಂದ ನಡುವಿನ ತನಕ ಒಂದೇ ಕಡುಬಣ್ಣ ಇರಬೇಕು. ನಡುವೆ ಪೇಲವ ಚುಕ್ಕೆ ಕಂಡರೆ ಹೆಂಟೆಯ ಹೊಟ್ಟೆ ಇನ್ನೂ ಒಣಗಿದೆ ಅಂತ ಅರ್ಥ. ರೇಸ್ ನಡುವೆ ಆ ಹೆಂಟೆ ಒಡೆದಾಗ ಧೂಳು ಏಳುವುದೇ ಅಲ್ಲಿಂದ.

ಹದ ಬಂದ ಮೇಲೆ ರೋಲರ್. ಇದರಲ್ಲೂ ಎರಡು ಬಗೆ ಹೋಲಿಸಿದ್ದೇನೆ. ನುಣುಪು ಡ್ರಮ್‌ನ ರೋಲರ್ ಮೇಲಿನ ಪದರವನ್ನು ಮಾತ್ರ ಒತ್ತಿ ಚೆಂದ ಕಾಣಿಸುತ್ತದೆ, ಕೆಳಗೆ ಸಡಿಲು ಉಳಿಯುತ್ತದೆ. ಗೊರಸಿನಂಥ ಉಬ್ಬುಗಳಿರುವ ಶೀಪ್ಸ್‌ಫೂಟ್ ರೋಲರ್ ಕೆಳಗಿನಿಂದ ಅದುಮುತ್ತಾ ಮೇಲೆ ಬರುತ್ತದೆ. ಮೊದಲು ಅದು, ಕೊನೆಗೆ ರಬ್ಬರ್ ಗಾಲಿಯ ರೋಲರ್. ಈ ಜೋಡಿಯೇ ಒಳ್ಳೆಯದು. ರೇಸ್ ದಿನ ಬೆಳಿಗ್ಗೆ ತೆಳುವಾಗಿ ನೀರು ಕೊಟ್ಟು, ರೇಸ್ ಗಾಡಿಗಳನ್ನೇ ನಿಧಾನಕ್ಕೆ ಟ್ರ್ಯಾಕ್‌ನ ಪೂರ್ತಿ ಅಗಲಕ್ಕೆ ಓಡಿಸಿ ಒತ್ತಿಸಬೇಕು. ಎಲ್ಲರೂ ಒಳಗಿನ ಗೆರೆಯಲ್ಲೇ ಸುತ್ತಿದರೆ ಒತ್ತುವುದು ಅಲ್ಲಿ ಮಾತ್ರ, ಹೊರಗೆ ಸಡಿಲು ಮಣ್ಣು ಹಾಗೇ ಇರುತ್ತದೆ. ಹೀಗೆ ಮಾಡಿದ ಟ್ರ್ಯಾಕ್ ಮಧ್ಯಾಹ್ನ ಸ್ವಲ್ಪ ಒಣಗಿದಂತೆ ಕಂಡರೂ ಬಿಸಿಲು ಇಳಿದ ಮೇಲೆ ಆವಿಯಾಗುವುದು ಕಡಿಮೆಯಾಗಿ ಕೆಳಗಿನ ತೇವ ಮೇಲೇರುತ್ತದೆ. ಗ್ರಿಪ್ ವಾಪಸ್ ಬರುತ್ತದೆ. ಮೇಲ್ಮೈಗೆ ಮಾತ್ರ ನೀರು ಕುಡಿಸಿದ ಟ್ರ್ಯಾಕ್‌ನಲ್ಲಿ ಇದನ್ನು ನಾನು ಒಮ್ಮೆಯೂ ಕಂಡಿಲ್ಲ.

ಮೊದಲೆಲ್ಲ ಟ್ರ್ಯಾಕ್ ಅಂದರೆ ಉತ್ತ ಹೊಲದಂತೆ ಮೆತ್ತಗೆ, ಅಂಟಂಟಾಗಿ ಇಡುವುದೇ ಪದ್ಧತಿ. ಹೊರ ಅಂಚಿನಲ್ಲಿ ಸಡಿಲು ಮಣ್ಣಿನ ದಪ್ಪ ದಿಬ್ಬ, ಅಲ್ಲಲ್ಲಿ ಗುಂಡಿ. ಇಂದಿನ 410 ಘನ ಅಂಗುಲ ಎಂಜಿನ್‌ನ ಸ್ಪ್ರಿಂಟ್ ಕಾರಿಗೆ (ಮಣ್ಣಿನ ಟ್ರ್ಯಾಕ್‌ನಲ್ಲಿ ಓಡುವ ಹಗುರ ರೇಸ್ ಕಾರು) ಸುಮಾರು 900 ಅಶ್ವಶಕ್ತಿ. ಅದರ ಅಗಲ ಗಾಲಿ ಮೆತ್ತನೆ ಮಣ್ಣನ್ನು ಅಗೆದು ಬಿಸಾಡುತ್ತದೆ. ಹಾಗಾಗಿ ಈಗ ಗಟ್ಟಿಯಾಗಿ ಒತ್ತಿದ, ನುಣುಪಾದ ಟ್ರ್ಯಾಕ್ ಕಡೆಗೆ ಒಲವು ಜಾಸ್ತಿ. ಗಟ್ಟಿ ಜೇಡಿಯ ಮೇಲೆ ಟೈರಿನ ರಬ್ಬರ್ ಅಂಟಿ ಕಪ್ಪಾದರೆ ಧೂಳು ಪೂರ್ತಿ ನಿಂತೇಬಿಡುತ್ತದೆ. ಆದರೆ ನನಗೆ ಅದು ಬೇಡ. ಆ ಕಪ್ಪು ಪಟ್ಟಿ ಬಿಟ್ಟು ಯಾರೂ ಆಚೆ ಹೋಗುವುದಿಲ್ಲ, ಹಿಂದಿದ್ದವರು ಹಿಂದೆಯೇ ಉಳಿಯುತ್ತಾರೆ. ಧೂಳು ಇಲ್ಲ, ಓವರ್‌ಟೇಕೂ ಇಲ್ಲ. ರೇಸ್ ನೋಡಲು ಬಂದವರಿಗೆ ಅದು ಅನ್ಯಾಯ ಅಲ್ವಾ? ಮೇನ್ ರೇಸ್‌ಗೆ ಮೊದಲು ಕಾರ್ಯಕ್ರಮ ನಿಲ್ಲಿಸಿ, ನೆಲ ಕೆರೆದು ಸಮ ಮಾಡುವ ಗ್ರೇಡರ್ ಯಂತ್ರದಿಂದ ಮೇಲೆ ತೆಳುವಾಗಿ ಕೆರೆದು, ನೀರು ಕೊಟ್ಟು ಮತ್ತೆ ಒತ್ತುವ ಅಭ್ಯಾಸ ಇತ್ತೀಚೆಗೆ ಕಾಣುತ್ತಿದೆ. ಕಾಯಬೇಕಾಗುತ್ತದೆ ನಿಜ. ಆ ಕಾಯುವಿಕೆ ಖಂಡಿತ ಸಾರ್ಥಕ.

ದುಡ್ಡು, ಯಂತ್ರ ಎಷ್ಟಿದ್ದರೂ ತೇವ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಸ್ಟಲ್ ಉದಾಹರಣೆ. ಅಮೆರಿಕದ ಟೆನೆಸಿಯ ಈ ಕಾಂಕ್ರೀಟ್ ಟ್ರ್ಯಾಕ್ ಮೇಲೆ 2021ರಲ್ಲಿ ಮಣ್ಣು ಹರಡಿ ಅಮೆರಿಕದ ದೊಡ್ಡ ಕಾರ್ ರೇಸ್ ಸರಣಿಯಾದ ನಾಸ್ಕಾರ್ ಕಪ್‌ನ ರೇಸ್ ನಡೆಸಿದರು. 1970ರ ನಂತರ ಮಣ್ಣಿನ ಮೇಲೆ ನಡೆದ ಮೊದಲ ಕಪ್ ರೇಸ್ ಅದು. ಶನಿವಾರ ಮಳೆಯಾದ ಮೇಲೆ ನಾಸ್ಕಾರ್‌ನದೇ ಟ್ರಕ್ ಸರಣಿಯ ಹೀಟ್ ರೇಸ್ ಬಿಟ್ಟರೆ ಮುಂದಿನ ಗಾಜಿಗೆಲ್ಲ ಕೆಸರು ಮೆತ್ತಿ ನಿಲ್ಲಿಸಬೇಕಾಯಿತು. ಮಳೆಯಿಂದ ಸೋಮವಾರಕ್ಕೆ ಹೋದ ರೇಸ್‌ನಲ್ಲಿ, ಹಗಲು ಬಿಸಿಲಿಗೆ ಧೂಳು ಎದ್ದು, ಮರುಚಾಲನೆಗೆ ಗಾಡಿಗಳನ್ನು ಜೋಡಿ ಸಾಲಿನ ಬದಲು ಒಂಟಿ ಸಾಲಿನಲ್ಲಿ ಬಿಡಬೇಕಾಯಿತು. ಮರುವರ್ಷ ರೇಸನ್ನು ರಾತ್ರಿಗೆ ಇಟ್ಟರು. ಹೊತ್ತು ಬದಲಾಯಿಸುವುದೂ ಟ್ರ್ಯಾಕ್ ಸಿದ್ಧತೆಯ ಭಾಗವೇ, ಅದೂ ಪುಕ್ಕಟೆ.

ಮೂರನೆಯದು ಉಪ್ಪುಗಳು. ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಎರಡೂ ಗಾಳಿಯಿಂದ ತೇವ ಹೀರುತ್ತವೆ, ಇರುವ ನೀರು ಬೇಗ ಆರದಂತೆ ತಡೆಯುತ್ತವೆ. 25 ಡಿಗ್ರಿ ಶಾಖದಲ್ಲಿ ಗಾಳಿಯ ತೇವಾಂಶ ಕ್ಯಾಲ್ಸಿಯಂಗೆ ಸುಮಾರು 29%, ಮೆಗ್ನೀಸಿಯಂಗೆ ಸುಮಾರು 33% ದಾಟಿದರೆ ಅವು ತಾವೇ ಕರಗಿ ದ್ರವವಾಗುತ್ತವೆ. ತೀರಾ ಒಣ ಮಧ್ಯಾಹ್ನಗಳಲ್ಲಿ ಎರಡೂ ಗಾಳಿಯಿಂದ ಏನೂ ಎಳೆಯುವುದಿಲ್ಲ, ರಾತ್ರಿ ಎಳೆದಿದ್ದನ್ನು ಹಿಡಿದಿಡಲು ನೋಡುತ್ತವೆ ಅಷ್ಟೇ. ಟ್ರ್ಯಾಕ್‌ನ ಒಂದು ನೇರಕ್ಕೆ ಅದು, ಇನ್ನೊಂದಕ್ಕೆ ಇದು ಹಾಕಿ ನೋಡಿದೆ. ನನಗೆ ಕ್ಯಾಲ್ಸಿಯಂ ಜಾಸ್ತಿ ಹೊತ್ತು ತೇವ ಇಟ್ಟಿತು. ಮೆಗ್ನೀಸಿಯಂ ಹಾಕಿದ ಕಡೆ ಮೇಲ್ಮೈ ಸ್ವಲ್ಪ ಬಿಗಿಯಾಯಿತು, ಜಾರುವುದು ಕಡಿಮೆ. ವ್ಯತ್ಯಾಸ ದೊಡ್ಡದೇನಲ್ಲ. ಯಾವುದು ಸುಲಭಕ್ಕೆ ಸಿಗುತ್ತದೋ ಅದನ್ನೇ ಹಾಕಿ.

ಕ್ಯಾಲ್ಸಿಯಂ ಕರಗಿಸುವಾಗ ಮಾತ್ರ ಎಚ್ಚರ ಬೇಕೇ ಬೇಕು. ಕರಗುತ್ತಾ ಅದು ಶಾಖ ಬಿಡುತ್ತದೆ, ಟ್ಯಾಂಕಿನ ಗೋಡೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಯಾವಾಗಲೂ ನೀರಿಗೆ ಉಪ್ಪು ಸುರಿಯಿರಿ, ಉಪ್ಪಿನ ಮೇಲೆ ನೀರು ಬೇಡ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ರೇಸ್ ಮುಗಿದ ದಿನವೇ ಗಾಡಿಯ ತಳ ತೊಳೆಯಲು ಎಲ್ಲ ತಂಡಗಳಿಗೂ ಹೇಳಿ. ಎರಡು ಉಪ್ಪೂ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತವೆ. ಅಂಚಿನ ಹುಲ್ಲು, ಗಿಡ ಸುಡುತ್ತವೆ.

ಉಪ್ಪಿನ ಇನ್ನೊಂದು ಕಷ್ಟ, ಅದು ಮೇಲಿನ ಪದರದಲ್ಲಿ ಇದ್ದರಷ್ಟೇ ಪ್ರಯೋಜನ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ನೀವೇ ಆಳಕ್ಕೆ ನೀರು ಕುಡಿಸಿದರೂ ಕೆಳಗೆ ಇಳಿದುಬಿಡುತ್ತದೆ. ಸ್ಪ್ರಿಂಟ್ ಕಾರಿನ ಗಾಲಿ ಆ ಪದರವನ್ನು ಬೇಗನೆ ಕಿತ್ತು ಹಾಕುತ್ತದೆ. ಆದ್ದರಿಂದ ಕಾರಿನ ಟ್ರ್ಯಾಕ್‌ಗೆ ಉಪ್ಪನ್ನೇ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಬೈಕ್‌ಗಳು ಸುತ್ತು ಹೊಡೆಯುವ ಮಣ್ಣಿನ ಫ್ಲಾಟ್ ಟ್ರ್ಯಾಕ್‌ಗೆ, ಮೇಲ್ಮೈ ಅಷ್ಟಾಗಿ ಕಿತ್ತುಹೋಗದ ಕಡೆ, ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತಲೂ ಒಳ್ಳೆಯ ಜಾಗ ಪಿಟ್ ದಾರಿ (ತಂಡಗಳು ಗಾಡಿ ಸಿದ್ಧ ಮಾಡುವ ಜಾಗದ ದಾರಿ), ಪಾರ್ಕಿಂಗ್, ಒಳಗಿನ ಬಯಲು. ಪ್ರೇಕ್ಷಕರ ಮುಖಕ್ಕೆ ಬರುವ ಧೂಳಿನಲ್ಲಿ ಎಷ್ಟೋ ಪಾಲು ಏಳುವುದು ಅಲ್ಲಿಂದಲೇ, ಟ್ರ್ಯಾಕ್‌ನಿಂದ ಅಲ್ಲ. ಗಾಳಿ ಬೀಸುವ ಕಡೆಗೆ ಒಮ್ಮೆ ನಿಂತು ನೋಡಿದರೆ ಗೊತ್ತಾಗುತ್ತದೆ.

ಕಾಗದದ ಕಾರ್ಖಾನೆಗಳಿಂದ ಬರುವ ಲಿಗ್ನೋಸಲ್ಫೊನೇಟ್ ಅನ್ನುವ ಕಂದು ದ್ರವವನ್ನೂ ಹಾಕಿ ನೋಡಿದೆ. ಒಣಗಿದಾಗ ಮಣ್ಣನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ನೀರಿನಲ್ಲಿ ಕರಗುವ ವಸ್ತು, ಮಳೆಗೆ ನಿಲ್ಲದು. ದಾರಿಗಳಿಗೆ ಸರಿ, ಟ್ರ್ಯಾಕ್‌ಗೆ ಸಾಲದು.

ಹಳೆಯ ಕಾಲದಲ್ಲಿ ಗಾಡಿಯಿಂದ ತೆಗೆದ ಎಂಜಿನ್ ಆಯಿಲ್ ಚೆಲ್ಲುತ್ತಿದ್ದರಲ್ಲ, ಅದನ್ನು ಈಗಲೂ ಒಬ್ಬಿಬ್ಬರು ಸೂಚಿಸುತ್ತಾರೆ. ದಯವಿಟ್ಟು ಬೇಡ. ಅಮೆರಿಕದ ಮಿಸ್ಸೂರಿಯಲ್ಲಿ 1971ರಲ್ಲಿ ಕುದುರೆ ಓಡಿಸುವ ಅಂಗಳಗಳಿಗೆ ಧೂಳು ಏಳದಿರಲಿ ಅಂತ ತ್ಯಾಜ್ಯ ಎಣ್ಣೆ ಸಿಂಪಡಿಸಿದ್ದರು. ಅದರಲ್ಲಿ ಡಯಾಕ್ಸಿನ್ ಅನ್ನುವ ಘೋರ ವಿಷ ಇತ್ತು, ಕುದುರೆಗಳು ಸತ್ತವು. ಅಂಥದೇ ಎಣ್ಣೆಯನ್ನು ರಸ್ತೆಗಳಿಗೆ ಹಾಕಿದ್ದ ಟೈಮ್ಸ್ ಬೀಚ್ ಅನ್ನುವ ಊರನ್ನು 1983ರಲ್ಲಿ ಸರ್ಕಾರ ಕೊಂಡುಕೊಂಡು ಜನರನ್ನೆಲ್ಲ ಬೇರೆಡೆಗೆ ಕಳಿಸಬೇಕಾಯಿತು. ಧೂಳಿಗೆ ಹಾಕಿದ ಎಣ್ಣೆಯಿಂದ ಒಂದು ಊರೇ ಹೋಯಿತು.

ಕೊನೆಯದು ಮಣ್ಣನ್ನೇ ತಿದ್ದುವುದು. ಖರ್ಚು ಇದರಲ್ಲೇ ಹೆಚ್ಚು, ಬಾಳಿಕೆಯೂ ಇದರಲ್ಲೇ ಹೆಚ್ಚು. ಜೇಡಿ ತಂದು ಮೇಲೆ ಹರಡಿದರೆ ಅದು ಹಪ್ಪಳದಂತೆ ಬೇರೆಯಾಗಿ ಏಳುತ್ತದೆ. ಹಳೆಯ ಮಣ್ಣಿನ ಜೊತೆ ಅರ್ಧ ಅಡಿ ಆಳದ ತನಕ ಬೆರೆಸಲೇಬೇಕು. ಜೇಡಿ ಜಾಸ್ತಿಯಾದರೂ ಕಷ್ಟ, ಹಸಿ ಇದ್ದಾಗ ಗಾಲಿಗೆ ಸುತ್ತಿಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ನೀರಿಗೆ ಉಬ್ಬುವ ಎರೆಮಣ್ಣಿನಂಥದ್ದು ಬೇಡವೇ ಬೇಡ. ಬೆರೆಸುವ ಮೊದಲು ಬಕೆಟ್‌ನಲ್ಲಿ ಬೇರೆ ಬೇರೆ ಪಾಲಿಗೆ ಕಲಸಿ, ಇಟ್ಟಿಗೆ ಮಾಡಿ ಬಿಸಿಲಿಗೆ ಇಟ್ಟು ನೋಡುತ್ತೇನೆ. ಬೆರಳಿಂದ ಉಜ್ಜಿದರೆ ಪುಡಿ ಉದುರಬಾರದು, ದೊಡ್ಡ ಬಿರುಕೂ ಇರಬಾರದು. ಇನ್ನೊಂದು ಮಾತು, ರೇಸ್‌ನಿಂದ ರೇಸ್‌ಗೆ ನುಣ್ಣನೆ ಜೇಡಿ ಹಾರಿಹೋಗಿ ಮರಳು ಉಳಿಯುತ್ತಾ ಬರುತ್ತದೆ. ಹೊರಗೋಡೆಯ ಬುಡದಲ್ಲಿ ಬಿದ್ದ ಮಣ್ಣನ್ನು ಎತ್ತಿ ಬಿಸಾಡದೆ ವಾಪಸ್ ಎಳೆದು ಬೆರೆಸಿಕೊಳ್ಳಿ.

ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ ಮೊದಲ ಸೀಸನ್ ರಿಪ್ಪರ್, ಹ್ಯಾರೋ, ಶೀಪ್ಸ್‌ಫೂಟ್ ರೋಲರ್ ಬಾಡಿಗೆಗೆ ದುಡ್ಡು ಹಾಕಿ ಅನ್ನುತ್ತೇನೆ. ಸ್ವಲ್ಪ ಉಪ್ಪು ತಂದು ಪಿಟ್ ದಾರಿಗೆ ಹಾಕಿ. ಜೇಡಿಯ ಲಾರಿ ಕರೆಸುವುದು ಜಾಡಿಯ ಪರೀಕ್ಷೆ ನೋಡಿ, ಆಳದ ನೀರಿನಿಂದ ಎಷ್ಟು ಸುಧಾರಿಸಿತು ಅಂತ ಕಂಡ ಮೇಲೆ, ಎರಡನೆಯ ಸೀಸನ್‌ಗೆ ಇರಲಿ.