ಮೂಳೆಸವೆತದ ಔಷಧದ ನಡುವೆ ಹಲ್ಲು ಕೆಟ್ಟರೆ: ಕೀಳಿಸುವುದೋ, ರೂಟ್ ಕೆನಾಲೋ?

ಅಲೆಂಡ್ರೊನೇಟ್, ಝೋಲೆಡ್ರೊನಿಕ್ ಆಮ್ಲ, ಡೆನೊಸುಮಾಬ್ ಮೂರೂ ಮೂಳೆ ಕರಗುವುದನ್ನು ತಡೆಯುತ್ತವೆ. ಅದೇ ಕಾರಣಕ್ಕೆ ದವಡೆಯ ಗಾಯ ಮಾಯುವುದೂ ನಿಧಾನವಾಗಬಹುದು. ಹಲ್ಲು ಕಿತ್ತರೆ ಮೂಳೆ ತೆರೆದುಕೊಳ್ಳುತ್ತದೆ, ರೂಟ್ ಕೆನಾಲ್‌ನಲ್ಲಿ ಹಾಗಾಗದು. ಆದ್ದರಿಂದ ಔಷಧ ನಡೆಯುತ್ತಿರುವಾಗ, ಅದರಲ್ಲೂ ಕ್ಯಾನ್ಸರ್‌ಗಾಗಿ ಹೆಚ್ಚಿನ ಪ್ರಮಾಣ ಪಡೆಯುವವರಿಗೆ, ಉಳಿಸಬಹುದಾದ ಹಲ್ಲನ್ನು ಉಳಿಸುವುದೇ ಲೇಸು. ಮೇಲ್ಭಾಗ ಮುರಿದುಹೋಗಿದ್ದರೂ ಬೇರಿಗೆ ಚಿಕಿತ್ಸೆ ಮಾಡಿ ಮುಚ್ಚಿಬಿಡಬಹುದು.

ಖರ್ಚು, ಓಡಾಟ ಕೀಳಿಸುವುದರಲ್ಲಿ ಕಡಿಮೆ. ಬೇರು ಉದ್ದಕ್ಕೆ ಸೀಳಿದ್ದರೆ, ಹಲ್ಲು ತೀರಾ ಅಲ್ಲಾಡುತ್ತಿದ್ದರೆ ಸಾಮಾನ್ಯವಾಗಿ ಕೀಳಲೇಬೇಕಾಗುತ್ತದೆ: ಸೋಂಕು ಉಳಿದರೂ ದವಡೆಗೆ ಅಪಾಯವೇ.

ಔಷಧ ಇನ್ನೂ ಶುರುವಾಗಿಲ್ಲವೇ? ಉಳಿಯುವ ಭರವಸೆಯಿಲ್ಲದ ಹಲ್ಲನ್ನು ಈಗಲೇ ಕೀಳಿಸಿ, ಒಸಡು ಮುಚ್ಚಿಕೊಳ್ಳಲು 2–3 ವಾರ ಬಿಡಿ. 6 ತಿಂಗಳಿಗೊಮ್ಮೆಯ ಡೆನೊಸುಮಾಬ್ ಚುಚ್ಚುಮದ್ದನ್ನು ಮಾತ್ರ ಹಲ್ಲಿಗಾಗಿ ನೀವಾಗಿಯೇ ಮುಂದೂಡಬೇಡಿ. ತಡವಾದರೆ ಬೆನ್ನುಮೂಳೆ ಮುರಿಯಬಹುದು.