ಮೊಲದ ತುಪ್ಪಳ ಉದುರುವ ಕಾಲಕ್ಕೆ ರಬ್ಬರ್ ಬ್ರಷ್, ಸ್ಟೀಲ್ ಹಣಿಗೆ: ಮೂರು ವರ್ಷ ಬಳಸಿದ ಮೇಲೆ

ಬಳಸಿದ್ದು ಎರಡು ವಸ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ದಪ್ಪ ಮೊಂಡು ಹಲ್ಲಿನ ಮೆತ್ತನೆಯ ರಬ್ಬರ್ ಬ್ರಷ್ ಒಂದು. ನಾಯಿ-ಬೆಕ್ಕಿನ ಚಿಗಟ ತೆಗೆಯಲು ಮಾರುವ, ಒತ್ತೊತ್ತಾದ ಸ್ಟೀಲ್ ಹಲ್ಲಿನ ಹಣಿಗೆ ಇನ್ನೊಂದು. ಎರಡೂ ಸೇರಿ 500 ರೂಪಾಯಿ ದಾಟಿಲ್ಲ. ಬಳಸಿದ್ದು ಎರಡು ಮೊಲಕ್ಕೆ: ಗಿಡ್ಡ ತುಪ್ಪಳದ ಬಿಳಿ ಮಿಶ್ರತಳಿ ಒಂದು, ಅಂಗಡಿಯವರು ‘ಅಂಗೋರಾ’ ಎಂದು ಮಾರುವ ಉದ್ದ ಕೂದಲಿನದು ಇನ್ನೊಂದು.

ಗಿಡ್ಡ ತುಪ್ಪಳದ ಮೊಲಕ್ಕೆ ಇವೆರಡೇ ಸಾಕು. ರಬ್ಬರ್ ಬ್ರಷ್‌ಗೆ 5ಕ್ಕೆ 4.5, ಹಣಿಗೆಗೆ 4. ಉದ್ದ ಕೂದಲಿನದಕ್ಕೆ ಹಲ್ಲು ಸ್ವಲ್ಪ ಅಗಲವಾಗಿರುವ ಇನ್ನೊಂದು ಹಣಿಗೆ ಬೇಕೇ ಬೇಕು. ನೇರವಾಗಿ ಒತ್ತು ಹಲ್ಲಿನದನ್ನು ಹಾಕಿದರೆ ಕೂದಲು ಬರುವುದಿಲ್ಲ, ಚರ್ಮ ಎಳೆಯುತ್ತದೆ.

ಮೊಲ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ತುಪ್ಪಳ ಬದಲಿಸುತ್ತದೆ, ಒಂದು ಸಲ ಹಗುರ, ಮುಂದಿನ ಸಲ ಜೋರು. ಹಗಲಿನ ಉದ್ದವೂ ಸೆಖೆಯೂ ಇದನ್ನು ನಡೆಸುವುದರಿಂದ ನಮ್ಮಲ್ಲಿ ಶಿವರಾತ್ರಿಯಿಂದ ಯುಗಾದಿವರೆಗಿನ ಸುತ್ತು ಜೋರಾಗಿರುತ್ತದೆ. ಇಡೀ ದಿನ ಟ್ಯೂಬ್‌ಲೈಟ್ ಉರಿಯುವ ಮನೆಯೊಳಗಿನ ಮೊಲಗಳಲ್ಲಿ ಈ ಲೆಕ್ಕ ತಪ್ಪುತ್ತದೆ, ವರ್ಷವಿಡೀ ಅಷ್ಟಿಷ್ಟು ಉದುರುತ್ತಲೇ ಇರುತ್ತದೆ. ಸಾಮಾನ್ಯವಾಗಿ ತಲೆಯಿಂದ ಶುರುವಾಗಿ ಕತ್ತು, ಬೆನ್ನು ದಾಟಿ, ಕೊನೆಗೆ ಪಕ್ಕೆ ಮತ್ತು ಹೊಟ್ಟೆಗೆ ಇಳಿಯುತ್ತದೆ. ಬಣ್ಣದ ಮೊಲವಾದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಬಾಲದ ಮೇಲಿನ ಸೊಂಟದ ಭಾಗದಲ್ಲಿ ಹಳೆಯ ತುಪ್ಪಳ ವಾರಗಟ್ಟಲೆ ಕೂತೇ ಇರುವುದುಂಟು. ಬ್ರಷ್‌ನ ನಿಜವಾದ ಪರೀಕ್ಷೆ ಅಲ್ಲಿ.

ಬಾಚುವ ಕ್ರಮ ಸರಿಯಿಲ್ಲದಿದ್ದರೆ ಯಾವ ಬ್ರಷ್ಷೂ ಕೆಲಸ ಮಾಡುವುದಿಲ್ಲ. ನೆಲದ ಮೇಲೆ ಯೋಗ ಮ್ಯಾಟ್ ಅಥವಾ ಗೋಣಿತಾಟು ಹಾಸಿ ಅದರ ಮೇಲೆ ಕೂರಿಸಿ. ಟೇಬಲ್ ಬೇಡ: ಕಾಲು ಜಾರುತ್ತದೆ, ಹೆದರಿ ಹಾರಿದರೆ ಅಥವಾ ಹಿಂಗಾಲು ಬಲವಾಗಿ ಒದ್ದರೆ ಬೆನ್ನುಮೂಳೆಯೇ ಮುರಿಯಬಹುದು. ಫ್ಯಾನ್ ಆರಿಸಿ, ಮೂಗಿಗೆ ಮಾಸ್ಕ್ ಹಾಕಿ. ಮೊದಲು ಎರಡೂ ಕೈ ಒದ್ದೆ ಮಾಡಿ ಕೊಡವಿ, ಕತ್ತಿನಿಂದ ಬಾಲದವರೆಗೆ ಹತ್ತಿಪ್ಪತ್ತು ಸಲ ಸವರಿ. ಮೇಲೆ ಸಡಿಲವಾಗಿದ್ದದ್ದೆಲ್ಲ ಬತ್ತಿ ಹೊಸೆದಂತೆ ಸುರುಳಿಯಾಗಿ ಕೈಗೆ ಬರುತ್ತದೆ, ಗಾಳಿಗೆ ಹಾರುವುದಿಲ್ಲ. ಆಮೇಲೆ ರಬ್ಬರ್ ಬ್ರಷ್ಷನ್ನು ಕೂದಲು ಮಲಗಿರುವ ದಿಕ್ಕಿನಲ್ಲೇ ಸಣ್ಣಸಣ್ಣದಾಗಿ ಎಳೆಯಿರಿ. ತುಪ್ಪಳ ಅಲ್ಲಲ್ಲಿ ಕುಚ್ಚಿನಂತೆ ಎದ್ದು ನಿಲ್ಲುತ್ತದೆ. ಆ ಕುಚ್ಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಬಂದುಬಿಡಬೇಕು. ಬರಲಿಲ್ಲವೇ, ಬಿಡಿ, ಅದಿನ್ನೂ ಬಿಟ್ಟಿಲ್ಲ ಎಂದರ್ಥ.

ಹಣಿಗೆಯ ಸರದಿ ಕೊನೆಯದು. ಎಡಗೈಯ ಎರಡು ಬೆರಳಿಂದ ಚರ್ಮವನ್ನು ಹಗುರಾಗಿ ಒತ್ತಿ ಹಿಡಿದು, ಹಣಿಗೆಯನ್ನು ಚರ್ಮಕ್ಕೆ ಓರೆಯಾಗಿ ಮಲಗಿಸಿ, ಒಂದೆರಡು ಅಂಗುಲ ಮಾತ್ರ ಎಳೆಯಿರಿ. ಮೊಲದ ಚರ್ಮ ತೀರಾ ತೆಳು, ಬೇಗ ಹರಿಯುತ್ತದೆ. ಹಣಿಗೆಯನ್ನು ನೆಟ್ಟಗೆ ನಿಲ್ಲಿಸಿ ಎಳೆಯುವುದೇ ಹೊಸಬರು ಮಾಡುವ ತಪ್ಪು. ಕಿವಿಯ ಹಿಂಭಾಗ, ಕಂಕುಳು, ತೊಡೆಸಂದು, ಹೆಣ್ಣು ಮೊಲದ ಗದ್ದದಡಿಯ ಗಂಗೆದೊಗಲು, ಬಾಲದ ಕೆಳಗೆ — ಇಲ್ಲೆಲ್ಲ ಹಣಿಗೆಗಿಂತ ಬೆರಳೇ ವಾಸಿ. ಪಾದದಡಿಯ ತುಪ್ಪಳವನ್ನಂತೂ ಮುಟ್ಟಲೇಬೇಡಿ. ಮೊಲಕ್ಕೆ ನಾಯಿ-ಬೆಕ್ಕಿನ ಹಾಗೆ ಅಂಗಾಲಿನ ಮೆತ್ತೆ ಇಲ್ಲ, ಆ ತುಪ್ಪಳವೇ ಅದರ ಚಪ್ಪಲಿ. ಅದು ಹೋದರೆ ಹಿಮ್ಮಡಿ ಹುಣ್ಣಾಗುತ್ತದೆ.

ಒಂದು ಸಲಕ್ಕೆ ಐದು ನಿಮಿಷ. ಉದುರುವ ಕಾಲದಲ್ಲಿ ದಿನಕ್ಕೆರಡು ಸಲ, ಉಳಿದಾಗ ವಾರಕ್ಕೊಮ್ಮೆ. ಉದ್ದ ಕೂದಲಿನದಕ್ಕೆ ವರ್ಷಪೂರ್ತಿ ಎರಡು ದಿನಕ್ಕೊಮ್ಮೆಯಾದರೂ ಬೇಕು. ಹಿಂಗಾಲು ನೆಲಕ್ಕೆ ಬಡಿದರೆ, ತಲೆಯಿಂದ ಕೈ ತಳ್ಳಿದರೆ ಆ ಹೊತ್ತಿಗೆ ಸಾಕು ಮಾಡಿ. ಹೊಟ್ಟೆ ಬಾಚಲು ಸುಲಭವೆಂದು ಅಂಗಾತ ಮಲಗಿಸುವವರಿದ್ದಾರೆ. ಆಗ ಮೊಲ ಅಲುಗಾಡದೆ ಬಿದ್ದಿರುವುದು ನೆಮ್ಮದಿಯಿಂದಲ್ಲ, ಪ್ರಾಣಭಯದಿಂದ.

ಇನ್ನು ಬಾಳಿಕೆ. ರಬ್ಬರ್ ಬ್ರಷ್ ಒಂದೂವರೆ ವರ್ಷ ಚೆನ್ನಾಗಿತ್ತು. ತೊಳೆದು ಬಿಸಿಲಿಗೆ ಒಣಹಾಕಿದ್ದರಿಂದ ರಬ್ಬರ್ ಗಡುಸಾಗಿ ಹಲ್ಲಿನ ಬುಡದಲ್ಲಿ ಬಿರುಕು ಬಿಟ್ಟಿತು. ಎರಡನೆಯದನ್ನು ನೆರಳಲ್ಲೇ ಒಣಗಿಸುತ್ತಿರುವುದು, ಇನ್ನೂ ಮೆತ್ತಗಿದೆ. ಬಿರುಕು ಬಿಟ್ಟ ಬ್ರಷ್ಷನ್ನು ಮೊಲ ಕಡಿದು ತುಂಡು ನುಂಗುವ ಅಪಾಯವಿದೆ, ಕೂಡಲೇ ಎಸೆಯಿರಿ. ಹಣಿಗೆಯಲ್ಲಿ ಕೆಡುವುದು ಹಲ್ಲಲ್ಲ, ಹಿಡಿ: ಪ್ಲಾಸ್ಟಿಕ್ ಹಿಡಿಯೊಳಗೆ ಅಂಟಿನಿಂದ ಕೂರಿಸಿದ ಹಲ್ಲಿನ ಸಾಲು ನೀರಲ್ಲಿ ನೆನೆಸಿದರೆ ಸಡಿಲವಾಗುತ್ತದೆ. ನೆನೆಸದೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸಾಕು. ಕೊಳ್ಳುವಾಗ ಹಲ್ಲಿನ ತುದಿಯನ್ನು ಮೊಣಕೈ ಒಳಭಾಗದ ಮೇಲೆ ಎಳೆದು ನೋಡಿ. ಬಿಳಿ ಗೀರು ಬಿದ್ದರೆ ವಾಪಸ್ ಕೊಡಿ. ಒಂದು ಹಲ್ಲು ಬಾಗಿದ್ದರೂ ಬೇಡ.

ಹೋಲಿಕೆಗೆ ಇನ್ನೆರಡನ್ನು ಪ್ರಯತ್ನಿಸಿದ್ದಾಯಿತು. ಬ್ಲೇಡ್ ಮಾದರಿಯ ಡಿಶೆಡ್ಡಿಂಗ್ ಟೂಲ್ ಒಂದೇ ಎಳೆತಕ್ಕೆ ರಾಶಿ ಕೂದಲು ತೆಗೆಯುತ್ತದೆ, ನೋಡಿದರೆ ಖುಷಿಯಾಗುತ್ತದೆ. ಆದರೆ ಬಿಟ್ಟ ಕೂದಲಿನ ಜೊತೆ ಬಿಡದ ಕೂದಲನ್ನೂ ಕತ್ತರಿಸುತ್ತದೆ. ಒಂದೇ ಕಡೆ ನಾಲ್ಕು ಸಲ ಎಳೆದರೆ ಚರ್ಮ ಕೆಂಪಾಗುತ್ತದೆ. ನಾಯಿಯ ಚರ್ಮಕ್ಕೆಂದು ಮಾಡಿದ್ದನ್ನು ಮೊಲಕ್ಕೆ ಹಾಕಬಾರದೆಂಬುದೇ ನನ್ನ ಖಚಿತ ಅಭಿಪ್ರಾಯ. ತಂತಿ ಹಲ್ಲಿನ ಸ್ಲಿಕರ್ ಬ್ರಷ್ ಉದ್ದ ಕೂದಲಿನ ಮೇಲ್ಪದರಕ್ಕೆ ಪರವಾಗಿಲ್ಲ, ಅದೂ ಒತ್ತಡವೇ ಇಲ್ಲದೆ.

ಸಿಕ್ಕು ಗಂಟಾದರೆ ಕತ್ತರಿ ಹಿಡಿಯಬೇಡಿ. ಗಂಟು ಎತ್ತಿದಾಗ ಚರ್ಮವೂ ಡೇರೆಯಂತೆ ಜೊತೆಗೇ ಏಳುತ್ತದೆ, ಕತ್ತರಿ ಮೊದಲು ತಾಗುವುದು ಅದಕ್ಕೇ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಗಂಟಿನ ಬುಡ ಹಿಡಿದು, ತುದಿಯಿಂದ ಬೆರಳಲ್ಲೇ ಬಿಡಿಸುತ್ತ ಬನ್ನಿ. ಟಾಲ್ಕಮ್ ಪೌಡರ್ ಶ್ವಾಸಕೋಶಕ್ಕೆ ಹೋಗುತ್ತದೆ, ಬೇಡ. ಬಗ್ಗದ ಗಂಟನ್ನು ಪಶುವೈದ್ಯರು ಕ್ಲಿಪ್ಪರ್‌ನಿಂದ ತೆಗೆಯಲಿ. ಸ್ನಾನ ಮಾಡಿಸಿದರೆ ಕೂದಲು ಬೇಗ ಹೋಗುತ್ತದೆಂಬ ಮಾತು ಅಪಾಯಕಾರಿ: ಮೈ ತಣ್ಣಗಾಗಿ, ಹೆದರಿ, ಮೊಲ ಆಘಾತಕ್ಕೆ ಒಳಗಾಗಬಹುದು.

ಇಷ್ಟೆಲ್ಲ ಬಾಚುವುದು ಮನೆ ಚೊಕ್ಕಟವಾಗಿರಲಿ ಎಂದಲ್ಲ. ಮೊಲ ತನ್ನ ಮೈಯನ್ನು ನೆಕ್ಕಿಕೊಳ್ಳುತ್ತ ಕೂದಲು ನುಂಗುತ್ತದೆ, ಬೆಕ್ಕಿನ ಹಾಗೆ ವಾಂತಿ ಮಾಡಲು ಅದಕ್ಕೆ ಆಗುವುದಿಲ್ಲ. ನುಂಗಿದ್ದು ಹಿಕ್ಕೆಯಲ್ಲೇ ಹೋಗಬೇಕು. ಕರುಳು ಚುರುಕಾಗಿದ್ದರೆ ಹೋಗುತ್ತದೆ; ನಾರು, ನೀರು ಕಡಿಮೆಯಾಗಿ ಕರುಳು ನಿಧಾನವಾದಾಗ ಕೂದಲು, ಮೇವು ಎರಡೂ ಒಣಗಿ ಹೊಟ್ಟೆಯಲ್ಲಿ ಗಟ್ಟಿಯಾಗುತ್ತವೆ. ಹಿಕ್ಕೆಗಳು ಕೂದಲೆಳೆಯಲ್ಲಿ ಪೋಣಿಸಿದ ಮಣಿಸರದಂತೆ ಬಂದರೆ ಅದು ಮೊದಲ ಎಚ್ಚರಿಕೆ. ಆಗ ಪೆಲೆಟ್ (ಅಂಗಡಿಯ ಗುಳಿಗೆ ಮೇವು) ಕಡಿಮೆ ಮಾಡಿ, ಒಣಹುಲ್ಲು ಸದಾ ಎದುರಿಗಿರಲಿ: ದಿನಕ್ಕೆ ಮೊಲದ ಮೈಯಷ್ಟು ದೊಡ್ಡ ಕಂತೆ. ಆಮದಿನ ಟಿಮೊಥಿ ಹುಲ್ಲು ದುಬಾರಿಯೆನಿಸಿದರೆ ಓಟ್ಸ್ ಹುಲ್ಲು, ರೋಡ್ಸ್ ಹುಲ್ಲು ನಡೆಯುತ್ತದೆ, ಜೊತೆಗೆ ಔಷಧಿ ಹೊಡೆಯದ ಕಡೆಯ ಗರಿಕೆ. ಕೊತ್ತಂಬರಿ, ಪುದೀನ ತೊಳೆದು ನೀರು ಸೋರುವಂತೆಯೇ ಕೊಡಿ. ನಿಪ್ಪಲ್ ಬಾಟಲಿಗಿಂತ ಮಣ್ಣಿನ ಬಟ್ಟಲಲ್ಲಿಟ್ಟ ನೀರನ್ನು ಹೆಚ್ಚು ಕುಡಿಯುತ್ತದೆ. ಕೂದಲು ಕರಗಿಸುತ್ತದೆಂದು ಮಾರುವ ಪರಂಗಿ ಹಣ್ಣಿನ ಮಾತ್ರೆಗೆ ದುಡ್ಡು ಸುರಿಯಬೇಡಿ, ಅದು ಕೂದಲನ್ನು ಕರಗಿಸುವುದಿಲ್ಲ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕೂತಿದ್ದರೆ ಬೆಳಗಾಗಲೆಂದು ಕಾಯಬಾರದು, ಮೊಲ ನೋಡುವ ವೈದ್ಯರ ಬಳಿ ಆಗಲೇ ಒಯ್ಯಿರಿ.

ಎಲ್ಲ ಉದುರುವಿಕೆಯೂ ಋತುವಿನದಲ್ಲ. ಸಹಜವಾಗಿ ಉದುರಿದ ಕಡೆ ಅಡಿಯಲ್ಲಿ ಹೊಸ ತುಪ್ಪಳ ಗಿಡ್ಡಗೆ ಕಾಣುತ್ತದೆ, ಚರ್ಮ ನಯವಾಗಿರುತ್ತದೆ. ಕತ್ತಿನ ಹಿಂದೆ, ಬೆನ್ನ ಮೇಲೆ ದಪ್ಪ ಹೊಟ್ಟು ಬಂದು ತುರಿಕೆಯಿದ್ದರೆ ಮೈಟ್ ಎಂಬ ಸೂಕ್ಷ್ಮ ನುಸಿ ಇರಬಹುದು, ದುಂಡಗೆ ಬೋಳಾಗಿ ಹೊಪ್ಪಳೆ ಕಟ್ಟಿದ್ದರೆ ಶಿಲೀಂಧ್ರ. ಹೆಣ್ಣು ಮೊಲ ಎದೆ, ಹೊಟ್ಟೆಯ ತುಪ್ಪಳ ತಾನೇ ಕಿತ್ತು ಬಾಯಲ್ಲಿ ಹುಲ್ಲು ಒಯ್ಯುತ್ತಿದ್ದರೆ ಗೂಡು ಕಟ್ಟುತ್ತಿದೆ, ಗರ್ಭವಿರಲಿ ಇಲ್ಲದಿರಲಿ. ಚಿಗಟಕ್ಕೆಂದು ನಾಯಿಗೆ ಹಾಕುವ ಫಿಪ್ರೊನಿಲ್ ಹನಿಗಳನ್ನು ಮೊಲಕ್ಕೆ ಎಂದೂ ಹಾಕಬಾರದು, ಪ್ರಾಣವೇ ಹೋಗಬಹುದು.